ಮಂಜಿನ ಮರೆಯಲ್ಲಿ ಇಳಿಯುವ ವಿದ್ಯೆ

ಬೆಂಗಳೂರಿನ ಪಶ್ಚಿಮ ಭಾಗದ ಹೆಗ್ಗನಹಳ್ಳಿಯಿಂದ ನಮ್ಮ ವಾಚಕರೊಬ್ಬರು ಬರೆದ ಪತ್ರವು ಈ ತಿಂಗಳ ಬರಹಕ್ಕೆ ಕಾರಣವಾಗಿದೆ. ಅವರು ಪೀಣ್ಯದ ಸಮೀಪದಲ್ಲಿ ಒಂದು ಸಣ್ಣ ಲೇತ್ ಕಾರ್ಖಾನೆಯನ್ನು ನಡೆಸುತ್ತಿರುವ ಗೃಹಸ್ಥರು. ಅವರ ಮಗನು ವಿಮಾನ ನಡೆಸುವುದನ್ನು ಕಲಿಯಬೇಕೆಂದು ಹಟ ಹಿಡಿದಿರುವನಂತೆ. “ಮಾರ್ಗಶಿರ ಪುಷ್ಯ ಮಾಸಗಳಲ್ಲಿ ನಮ್ಮ ಬೀದಿಯ ಈ ಕೊನೆಯಿಂದ ಆ ಕೊನೆ ಕಾಣದಂತೆ ಮಂಜು ಕವಿದಿರುವಾಗಲೂ ದೊಡ್ಡ ವಿಮಾನಗಳು ದೇವನಹಳ್ಳಿಯಲ್ಲಿ ಇಳಿಯುವುವೆಂದು ಕೇಳಿದ್ದೇನೆ. ಸಣ್ಣದೊಂದು ಸ್ವಂತ ವಿಮಾನಕ್ಕೂ ಅದನ್ನು ನಡೆಸುವ ಒಬ್ಬನೇ ಚಾಲಕನಿಗೂ ಹಾಗೆ ಇಳಿಯಲು ಅನುಜ್ಞೆ ದೊರೆಯುವುದೆ? ದೊರೆಯುವುದಾದರೆ ಅದಕ್ಕೆ ಕಟ್ಟಳೆಯೇನು?” ಎಂದು ಅವರು ಕೇಳಿದ್ದಾರೆ. ಪತ್ರದ ಕೊನೆಯಲ್ಲಿ ಅವರ ಮನೆಯವರು ಬೇರೆ ಕೈಬರಹದಲ್ಲಿ ಒಂದೇ ಸಾಲನ್ನು ಸೇರಿಸಿರುವರು: “ಮಂಜಿನಲ್ಲಿ ಹಾರಿದ ಹುಡುಗನು ಕ್ಷೇಮವಾಗಿ ಮನೆಗೆ ಬರುವನೆ, ಅದನ್ನು ಹೇಳಿ.” ಮೊದಲನೆಯ ಪ್ರಶ್ನೆಯು ಕುಶಲಕರ್ಮಿಯದು; ಎರಡನೆಯದು ತಾಯಿಯದು. ಎರಡಕ್ಕೂ ಉತ್ತರವು ಒಂದೇ ಕಡೆಯಲ್ಲಿ ದೊರೆಯುವುದೆಂದು ನಮ್ಮ ಭಾವನೆ.

ಮೊದಲು ಮಂಜಿನ ವಿಚಾರವನ್ನೇ ತೆಗೆದುಕೊಳ್ಳೋಣ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿರುವ ಊರು. ನವೆಂಬರಿನಿಂದ ಫೆಬ್ರುವರಿಯವರೆಗೆ, ಆಕಾಶವು ನಿರ್ಮಲವಾಗಿದ್ದು ಗಾಳಿಯಾಡದ ರಾತ್ರಿಗಳಲ್ಲಿ, ಹಗಲೆಲ್ಲ ಕಾದ ನೆಲವು ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುವುದು. ಅದರ ಮೇಲಣ ಗಾಳಿಯೂ ತಣಿದು, ಗಾಳಿಯಲ್ಲಿ ಅಡಗಿದ್ದ ತೇವವು ಅತಿ ಸೂಕ್ಷ್ಮವಾದ ಹನಿಗಳಾಗಿ ತೇಲತೊಡಗುವುದು. ಇದೇ ಮಂಜು. ನೋಡುವುದಕ್ಕೆ ಸರಳವಾದ ಈ ಕ್ರಿಯೆಯಲ್ಲಿಯೂ ವಿದ್ವಾಂಸರನ್ನು ಬಹುಕಾಲ ಕಾಡಿದ ಸೋಜಿಗವೊಂದುಂಟು. ಇಂಥ ರಾತ್ರಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತಣ್ಣಗಿರುವುದು ನೆಲವಲ್ಲ, ನೆಲದಿಂದ ಗೇಣು ಮೊಳದಷ್ಟು ಮೇಲಿರುವ ಗಾಳಿಯ ಪದರವೆಂದು 1932 ರಲ್ಲಿ ನಮ್ಮ ದೇಶದ ಹವಾಶಾಸ್ತ್ರಜ್ಞರಾದ ಎಲ್. ಎ. ರಾಮದಾಸರು ತೋರಿಸಿಕೊಟ್ಟರು. ಮೊದಮೊದಲು ಹಲವರು ಇದನ್ನು ನಂಬಲಿಲ್ಲ. ಅನಂತರ ಬೆಂಗಳೂರಿನ ರೊದ್ದಂ ನರಸಿಂಹ ಅವರೂ ಅವರ ಸಂಗಡಿಗರೂ ಇದರ ಕಾರಣವನ್ನು ಗಣಿತಮಾರ್ಗದಿಂದ ವಿಚಾರಮಾಡಿದರು. ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ ಆ ಅಭ್ಯಾಸವು ಮುಂದುವರಿದು, ದೇವನಹಳ್ಳಿಯ ವಿಮಾನ ನಿಲ್ದಾಣದ ಮಂಜಿನ ಮೇಲೆಯೂ ಪರಿಶೋಧನೆ ನಡೆದಿದೆ. ಮಂಜು ಎಷ್ಟು ಹೊತ್ತಿಗೆ ಕವಿಯುವುದು, ಎಷ್ಟು ಹೊತ್ತಿಗೆ ಹರಿಯುವುದು ಎಂಬುದನ್ನು ಮುಂಗಡವಾಗಿ ಹೇಳುವುದು ಅಷ್ಟು ಸುಲಭವಲ್ಲ.

ನೆಲದ ಮೇಲೆ ನಡೆಯುವವನಿಗೆ ಮಂಜು ಬರಿಯ ಅಡಚಣೆ. ದಾರಿ ಕಾಣದಿದ್ದರೆ ಅವನು ನಿಂತುಕೊಳ್ಳಬಹುದು. ಗಾಳಿಯಲ್ಲಿರುವವನು ನಿಲ್ಲುವಂತಿಲ್ಲ. ಅದಕ್ಕೂ ಮಿಗಿಲಾದ ಅಪಾಯವು ಅವನ ಕಿವಿಯೊಳಗೇ ಇರುವುದು. ದೇಹದ ಸಮತೋಲವನ್ನು ನಮಗೆ ತಿಳಿಸುವ ಸಣ್ಣ ನಳಿಕೆಗಳು ಒಳಗಿವಿಯಲ್ಲಿವೆ. ವಿಮಾನವು ನಿಧಾನವಾಗಿ ಒಂದು ಮಗ್ಗುಲಿಗೆ ವಾಲಿ ತಿರುಗುತ್ತ ಹೋದರೆ ಆ ನಳಿಕೆಗಳು ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಒಗ್ಗಿಹೋಗಿ, ‘ನೆಟ್ಟಗಿದ್ದೇನೆ’ ಎಂದೇ ಹೇಳುವುವು. ದಿಗಂತವು ಕಣ್ಣಿಗೆ ಕಾಣುತ್ತಿದ್ದರೆ ಕಣ್ಣು ಕಿವಿಯನ್ನು ತಿದ್ದುವುದು. ಮಂಜಿನಲ್ಲಿ ತಿದ್ದುವವರಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1954 ರಲ್ಲಿ ಒಂದು ಪ್ರಯೋಗ ನಡೆಯಿತು. ಯಂತ್ರಗಳನ್ನೇ ನೋಡಿ ಹಾರುವ ಅಭ್ಯಾಸವಿಲ್ಲದ 20 ಮಂದಿ ಚಾಲಕರನ್ನು, ಪಕ್ಕದಲ್ಲಿ ಗುರುವನ್ನು ಕೂರಿಸಿ, ಹೊರಗಿನ ನೋಟವನ್ನು ಮರೆಮಾಡಿ ಹಾರಿಸಿದರು. ಇಪ್ಪತ್ತು ಮಂದಿಯೂ ವಿಮಾನದ ಹತೋಟಿಯನ್ನು ಕಳೆದುಕೊಂಡರು. ಅದಕ್ಕೆ ಹಿಡಿದ ಕಾಲವು ಸರಾಸರಿ 178 ಸೆಕೆಂಡು, ಎಂದರೆ ಮೂರು ನಿಮಿಷವೂ ಇಲ್ಲ. 1999 ರ ಜುಲೈ 16 ರ ರಾತ್ರಿ ಅಮೆರಿಕದ ಮಾಜಿ ಅಧ್ಯಕ್ಷ ಕೆನೆಡಿಯವರ ಮಗನು ತನ್ನ ಸ್ವಂತ ವಿಮಾನದಲ್ಲಿ ಹೆಂಡತಿಯನ್ನೂ ಅವಳ ಅಕ್ಕನನ್ನೂ ಕೂರಿಸಿಕೊಂಡು ಹೊರಟು, ಸಮುದ್ರದ ಮೇಲಣ ಮಬ್ಬಿನಲ್ಲಿ ದಿಕ್ಕುಗೆಟ್ಟು ಮೂವರೂ ಮಡಿದರು. ಅವನಲ್ಲಿ ಖಾಸಗಿ ಚಾಲಕನ ಲೈಸೆನ್ಸು ಇದ್ದಿತು. ಯಂತ್ರಗಳಿಂದ ಹಾರುವ ಅರ್ಹತೆಯು ಇರಲಿಲ್ಲ.

ಕಣ್ಣನ್ನು ಬಿಟ್ಟು ಯಂತ್ರವನ್ನು ನಂಬಿ ಇಳಿಯಬಹುದೆಂದು ಮೊಟ್ಟಮೊದಲು ತೋರಿಸಿದುದು ಒಂದು ಸಣ್ಣ ವಿಮಾನವೇ ಎಂಬುದು ನಮ್ಮ ವಾಚಕರಿಗೆ ಸಂತೋಷವನ್ನು ಕೊಡಬಹುದು. 1929 ರ ಸೆಪ್ಟೆಂಬರ್ 24 ರಂದು ನ್ಯೂಯಾರ್ಕಿನ ಸಮೀಪದ ಮಿಚೆಲ್ ಫೀಲ್ಡ್ ಎಂಬಲ್ಲಿ ಜೇಮ್ಸ್ ಡೂಲಿಟಲ್ ಎಂಬ ಸೈನ್ಯಾಧಿಕಾರಿಯು ತನ್ನ ಆಸನವನ್ನು ಪೂರ್ತಿಯಾಗಿ ಮುಚ್ಚಿಸಿಕೊಂಡು, ಹೊರಗಿನದೇನನ್ನೂ ನೋಡದೆ ನೆಲದಿಂದೆದ್ದು, ಸುತ್ತುಹಾಕಿ, ಸುಮಾರು ಹದಿನೈದು ನಿಮಿಷಗಳಲ್ಲಿ ಅದೇ ಬಯಲಿನಲ್ಲಿ ಇಳಿದನು. ಅವನಿಗೆ ನೆರವಾದುವು ಬುಗುರಿಯ ತತ್ತ್ವದಿಂದ ನಡೆಯುವ ಕೃತಕ ದಿಗಂತ, ಅದೇ ತತ್ತ್ವದ ದಿಕ್ಸೂಚಿ, ಅತಿ ಸೂಕ್ಷ್ಮವಾದ ಎತ್ತರಮಾಪಕ, ಮತ್ತು ನೆಲದಿಂದ ಬಂದ ರೇಡಿಯೋ ಅಲೆ. ಮುಂದಿನ ಆಸನದಲ್ಲಿ ಕೆಲ್ಸಿ ಎಂಬ ಇನ್ನೊಬ್ಬ ಚಾಲಕನು, ಪ್ರಮಾದವಾದರೆ ಕೈಕೊಡಲೆಂದು ಕುಳಿತಿದ್ದನು. ಆದರೆ ಅವನು ಕೈಯಿಕ್ಕಬೇಕಾದ ಪ್ರಸಂಗವೇ ಬರಲಿಲ್ಲ. ಸಾಹಸವೆಂದರೂ ಎಷ್ಟು ಎಚ್ಚರಿಕೆಯ ಸಾಹಸವಿದು, ನೋಡಿ!

ಇಂದಿನ ವಿಮಾನ ನಿಲ್ದಾಣಗಳಲ್ಲಿ ಇದೇ ವಿದ್ಯೆಯು ಬೆಳೆದು ಐ.ಎಲ್.ಎಸ್. ಎಂಬ ಹೆಸರಿನ ಏರ್ಪಾಡಾಗಿದೆ. ರನ್‌ವೇಯ ತುದಿಯಲ್ಲಿ ನಿಲ್ಲಿಸಿದ ಲೋಕಲೈಸರ್ ಎಂಬ ಯಂತ್ರವು ಎರಡು ರೇಡಿಯೋ ಕಿರಣಗಳನ್ನು ಅಕ್ಕಪಕ್ಕದಲ್ಲಿ ಬೀರುವುದು. ಒಂದರಲ್ಲಿ ಸೆಕೆಂಡಿಗೆ 90 ಕಂಪನಗಳ ಸ್ವರ, ಇನ್ನೊಂದರಲ್ಲಿ 150 ಕಂಪನಗಳ ಸ್ವರ. ಎರಡೂ ಸಮವಾಗಿ ದೊರೆಯುವ ಜಾಗವೇ ರನ್‌ವೇಯ ನಟ್ಟನಡುವಿನ ಗೆರೆ. ವಿಮಾನದೊಳಗಿನ ಮುಳ್ಳು ತಕ್ಕಡಿಯ ಮುಳ್ಳಿನಂತೆ, ಎರಡು ತಟ್ಟೆಗಳೂ ಸರಿದೂಗಿದಾಗ ನಡುವಿನಲ್ಲಿ ನಿಲ್ಲುವುದು. ಗ್ಲೈಡ್ ಪಾತ್ ಎಂಬ ಇನ್ನೊಂದು ಯಂತ್ರವು ಇದನ್ನೇ ಮೇಲು ಕೆಳಗಾಗಿ ಮಾಡಿ ಇಳಿಜಾರನ್ನು ತೋರಿಸುವುದು. ಸಾಮಾನ್ಯವಾಗಿ ಆ ಇಳಿಜಾರು 3 ಡಿಗ್ರಿ; ಎಂದರೆ ಮುಂದಕ್ಕೆ 19 ಅಡಿ ಹೋದರೆ ಕೆಳಕ್ಕೆ 1 ಅಡಿ. ಎರಡು ಮುಳ್ಳುಗಳನ್ನೂ ನಡುವಿನಲ್ಲಿ ನಿಲ್ಲಿಸಿಕೊಂಡು ಬಂದವನು ಕಣ್ಣಿಗೇನೂ ಕಾಣದೆಯೇ ರನ್‌ವೇಯ ಬಾಗಿಲಿಗೆ ಬಂದು ಮುಟ್ಟುವನು.

ಆದರೆ ಬಾಗಿಲವರೆಗೆ ಬರುವುದು ಬೇರೆ, ಹೊಸ್ತಿಲು ದಾಟುವುದು ಬೇರೆ. ಆದುದರಿಂದ ‘ನಿರ್ಣಯದ ಎತ್ತರ’ ಎಂಬ ಒಂದು ಗಡಿಯನ್ನು ಗೊತ್ತುಮಾಡಿರುವರು. ಆ ಎತ್ತರಕ್ಕೆ ಇಳಿದಾಗ ರನ್‌ವೇಯಾಗಲಿ ಅದರ ದೀಪಗಳಾಗಲಿ ಕಂಡರೆ ಇಳಿಯಬಹುದು. ಕಾಣದಿದ್ದರೆ ಆ ಕ್ಷಣವೇ ಎಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟು ಮೇಲಕ್ಕೇರತಕ್ಕದ್ದು. ಮೊದಲನೆಯ ತರಗತಿಯಲ್ಲಿ ಈ ಗಡಿ ನೆಲದಿಂದ 200 ಅಡಿ, ಮತ್ತು ರನ್‌ವೇಯ ಮೇಲೆ ಕನಿಷ್ಠಪಕ್ಷ 550 ಮೀಟರು ದೂರ ಕಾಣುತ್ತಿರಬೇಕು. ಎರಡನೆಯ ತರಗತಿಯಲ್ಲಿ 100 ಅಡಿ, 300 ಮೀಟರು. ಮೂರನೆಯ ತರಗತಿಯಲ್ಲಿ ಗಡಿಯು ಇನ್ನೂ ಕೆಳಗಿಳಿದು, ‘3-ಬಿ’ ಎಂಬ ಮೆಟ್ಟಿಲಿನಲ್ಲಿ 50 ಮೀಟರು ಕಂಡರೆ ಸಾಕು. 2019 ರ ಡಿಸೆಂಬರಿನಲ್ಲಿ ಬಳಕೆಗೆ ಬಂದ ದೇವನಹಳ್ಳಿಯ ದಕ್ಷಿಣದ ರನ್‌ವೇಯನ್ನು ಈ ‘3-ಬಿ’ ಮೆಟ್ಟಿಲಿಗೆ ಸಜ್ಜುಗೊಳಿಸಿರುವರು. ಅದಕ್ಕೆ ಮುಂಚೆ ಅಲ್ಲಿ ಇಳಿಯಲು 550 ಮೀಟರು ಕಾಣಬೇಕಾಗಿದ್ದಿತು. ಮಂಜಿನ ಬೆಳಗುಗಳಲ್ಲಿ ವಿಮಾನಗಳು ಚೆನ್ನೈ, ಹೈದರಾಬಾದುಗಳಿಗೆ ತಿರುಗಿಕೊಂಡು ಹೋಗುತ್ತಿದ್ದುದು ಪ್ರಯಾಣಿಕರಿಗೆಲ್ಲ ನೆನಪಿರಬಹುದು.

ಹೀಗೆ ಇಳಿಯುವ ಅನುಜ್ಞೆಯು ಒಲೆಯ ಮೂರು ಗುಂಡುಗಳಿದ್ದ ಹಾಗೆ. ಒಂದು ಗುಂಡು ಸರಿದರೂ ಗಡಿಗೆ ಉರುಳುವುದು. ಮೊದಲನೆಯ ಗುಂಡು ನೆಲ. ರನ್‌ವೇಯ ನಡುಗೆರೆಯುದ್ದಕ್ಕೂ ಒತ್ತೊತ್ತಾಗಿ ದೀಪಗಳಿರಬೇಕು. ವಿದ್ಯುತ್ತು ಹೋದರೆ ಮುಖ್ಯವಾದ ದೀಪಗಳು ಒಂದು ಸೆಕೆಂಡಿನೊಳಗೆ ಬೇರೆ ಮೂಲದಿಂದ ಹೊತ್ತಿಕೊಳ್ಳಬೇಕು. ರೇಡಿಯೋ ಕಿರಣಕ್ಕೆ ಅಡ್ಡಬಾರದಂತೆ ಬೇರೆ ವಿಮಾನಗಳನ್ನು ದೂರದಲ್ಲಿ ತಡೆದಿರಿಸಬೇಕು. ರನ್‌ವೇಯ ಮೇಲೆ ಎಷ್ಟು ದೂರ ಕಾಣುವುದೆಂಬುದನ್ನು ಯಂತ್ರವೇ ಅಳೆಯಬೇಕು. ‘ದೃಷ್ಟಿ’ ಎಂಬ ಇಂಥ ಮಾಪಕವನ್ನು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರೇ ನಿರ್ಮಿಸಿಕೊಟ್ಟಿರುವುದು ನಮ್ಮೂರಿಗೆ ಹೆಮ್ಮೆಯ ಸಂಗತಿ. ಎರಡನೆಯ ಗುಂಡು ವಿಮಾನ, ಮೂರನೆಯದು ಚಾಲಕ. ಮೂರರಲ್ಲಿ ಯಾವುದು ಕೆಳಗಿನ ಮೆಟ್ಟಿಲಿನಲ್ಲಿರುವುದೋ ಅದರ ಮೆಟ್ಟಿಲೇ ಉಳಿದೆರಡಕ್ಕೂ ಅನ್ವಯಿಸುವುದು. 2023 ರ ಡಿಸೆಂಬರಿನಲ್ಲಿ ದೆಹಲಿಯನ್ನು ಮಂಜು ಕವಿದಾಗ ನೆಲವೂ ವಿಮಾನಗಳೂ ಸಜ್ಜಾಗಿದ್ದರೂ, ಆ ತರಗತಿಯ ಶಿಕ್ಷಣವಿಲ್ಲದ ಚಾಲಕರನ್ನು ಕಳುಹಿಸಿದ್ದರಿಂದ ಎಷ್ಟೋ ವಿಮಾನಗಳು ಬೇರೆ ಊರುಗಳಿಗೆ ಹೋಗಬೇಕಾಯಿತು. ಅದಕ್ಕಾಗಿ 2024 ರ ಜನವರಿಯಲ್ಲಿ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯದವರು ಎರಡು ಕಂಪೆನಿಗಳಿಗೆ ತಲಾ 30 ಲಕ್ಷ ರೂಪಾಯಿಗಳ ದಂಡವನ್ನು ವಿಧಿಸಿದರು.

ಇನ್ನು ಸಣ್ಣ ವಿಮಾನದ ಮಾತು. ಜಕ್ಕೂರಿನ ಸರ್ಕಾರೀ ವೈಮಾನಿಕ ಶಾಲೆಯು ಮೈಸೂರು ಸಂಸ್ಥಾನದ ಕಾಲದಿಂದ ಬಂದಿರುವುದು. ಆದರೆ ಜಕ್ಕೂರಿನ ಬಯಲು ಕಣ್ಣಿನಿಂದ ನೋಡಿ ಹಾರುವವರ ಬಯಲು. ಅಲ್ಲಿ ಮಂಜು ಹರಿಯುವವರೆಗೆ ವಿಮಾನಗಳು ನೆಲದ ಮೇಲೆಯೇ ಕಾದಿರುವುವು. ಬೆಂಗಳೂರಿನಲ್ಲಿಯೇ ಹುಟ್ಟಿದ ‘ಹಂಸ’ ಎಂಬ ಇಬ್ಬರು ಕೂರುವ ವಿಮಾನವು 1993 ರ ನವೆಂಬರ್ 17 ರಂದು ಮೊದಲು ಹಾರಿ, 2000 ದಲ್ಲಿ ಯೋಗ್ಯತಾಪತ್ರವನ್ನು ಪಡೆಯಿತು. ಅತಿ ಹಗುರವಾದ ವಿಮಾನಗಳಿಗಾಗಿ ಯೂರೋಪಿನವರು ಮಾಡಿದ್ದ ಕಟ್ಟಳೆಯನ್ನು ಅನುಸರಿಸಿ ಅದನ್ನು ಪರೀಕ್ಷಿಸಿದರು. ಆ ಕಟ್ಟಳೆಯು ಹಗಲಿನಲ್ಲಿ, ಕಣ್ಣಿಗೆ ಕಾಣುವಷ್ಟರಲ್ಲಿ ಹಾರುವ ವಿಮಾನಗಳಿಗೆ ಮಾತ್ರ ಸಲ್ಲುತ್ತಿದ್ದಿತು. ಇದು ಯಂತ್ರದ ಕೀಳ್ಮೆಯಲ್ಲ. ತೊಟ್ಟಿಲನ್ನು ತೊಟ್ಟಿಲ ಕೆಲಸಕ್ಕೂ ಗಾಡಿಯನ್ನು ಗಾಡಿಯ ಕೆಲಸಕ್ಕೂ ಪರೀಕ್ಷಿಸಬೇಕಷ್ಟೆ.

ಚಾಲಕನ ಮೆಟ್ಟಿಲುಗಳೂ ಹೀಗೆಯೇ ಇವೆ. ನಮ್ಮ ದೇಶದಲ್ಲಿ 17 ವರ್ಷ ತುಂಬಿದವನು 40 ಗಂಟೆಗಳ ಹಾರಾಟವನ್ನೂ ಪರೀಕ್ಷೆಗಳನ್ನೂ ಮುಗಿಸಿ ಖಾಸಗಿ ಲೈಸೆನ್ಸನ್ನು ಪಡೆಯಬಹುದು. ಅದು ಬೆಳಕಿನ ಲೈಸೆನ್ಸು. ಮೋಡ ಮಂಜುಗಳೊಳಕ್ಕೆ ಹೋಗಬೇಕಾದರೆ ‘ಇನ್‌ಸ್ಟ್ರುಮೆಂಟ್ ರೇಟಿಂಗ್’ ಎಂಬ ಬೇರೆ ಅರ್ಹತೆ ಬೇಕು. ಅಂತರರಾಷ್ಟ್ರೀಯ ಕಟ್ಟಳೆಯ ಪ್ರಕಾರ, ಇದಕ್ಕೆ ಊರಿಂದೂರಿಗೆ ತಾನೇ ಮುಖ್ಯಚಾಲಕನಾಗಿ 50 ಗಂಟೆಗಳ ಹಾರಾಟವೂ ಯಂತ್ರಗಳನ್ನು ಮಾತ್ರ ನೋಡಿ ನಡೆಸಿದ 40 ಗಂಟೆಗಳ ಅಭ್ಯಾಸವೂ ಆಗಿರಬೇಕು. ಇಷ್ಟಾದ ಮೇಲೆ, ತಕ್ಕ ಉಪಕರಣಗಳಿರುವ ವಿಮಾನದಲ್ಲಿ, ಐ.ಎಲ್.ಎಸ್. ಇರುವ ನಿಲ್ದಾಣದಲ್ಲಿ, ಮೊದಲನೆಯ ತರಗತಿಯ ಗಡಿಯವರೆಗೆ ಇಳಿದು ನೋಡಬಹುದು. ಒಬ್ಬನೇ ಚಾಲಕನಿದ್ದು, ಐ.ಎಲ್.ಎಸ್. ಅನ್ನು ತಾನಾಗಿ ಅನುಸರಿಸುವ ಆಟೋಪೈಲಟ್ ಇಲ್ಲದಿದ್ದರೆ ಯೂರೋಪಿನಲ್ಲಿ 550 ಮೀಟರು ಸಾಲದು, 800 ಮೀಟರು ಕಾಣಬೇಕೆನ್ನುವರು.

ಅದಕ್ಕಿಂತ ಕೆಳಗಿನ ಎರಡನೆಯ ತರಗತಿಗೆ ಸಣ್ಣ ಖಾಸಗಿ ವಿಮಾನವನ್ನು ಕೊಂಡೊಯ್ಯುವುದು ಸಾಧ್ಯವೆ? ಇಲ್ಲಿಯೇ ನಮ್ಮ ವಾಚಕರ ಪ್ರಶ್ನೆಯ ತಿರುಳಿರುವುದು. ಸಾಧ್ಯವೆಂದು ಅಮೆರಿಕದ ಕಟ್ಟಳೆಯು ಹೇಳುವುದು. ಆದರೆ ಅದು ಕೇಳುವ ಬೆಲೆಯನ್ನು ನೋಡಿರಿ. ವಿಮಾನದಲ್ಲಿ ಐ.ಎಲ್.ಎಸ್. ಅಲೆಯನ್ನು ಹಿಡಿಯುವ ಯಂತ್ರಗಳು ಎರಡು, ಕೃತಕ ದಿಗಂತಗಳು ಎರಡು, ದಿಕ್ಸೂಚಿಗಳು ಎರಡು, ಎತ್ತರಮಾಪಕಗಳು ಎರಡು, ವೇಗಮಾಪಕಗಳು ಎರಡು ಇರಬೇಕು. ಆಟೋಪೈಲಟ್ಟಾಗಲಿ, ಚಾಲಕನ ಕೈಗೆ ಹಾದಿ ತೋರಿಸುವ ಅಂಥದೇ ಯಂತ್ರವಾಗಲಿ ಇರಬೇಕು. ಆ ವಿಮಾನಕ್ಕೆಂದೇ ಒಂದು ಕೈಪಿಡಿಯನ್ನು ಬರೆದು ಸರ್ಕಾರದ ಒಪ್ಪಿಗೆ ಪಡೆಯಬೇಕು. ಯಂತ್ರಗಳನ್ನು ಗೊತ್ತಾದ ಅವಧಿಗೆ ಸರಿಯಾಗಿ ಬಿಚ್ಚಿ ಪರೀಕ್ಷಿಸುತ್ತಿರಬೇಕು. ವಿಮಾನವು ನಿರ್ಮಾಣದಲ್ಲಿಯೇ ಈ ತರಗತಿಗೆ ಒಪ್ಪಿತವಾಗಿರದಿದ್ದರೆ, ಹೊರಗಿನ ನೋಟವನ್ನು ಮರೆಮಾಡಿ 50 ಸಾರಿ 100 ಅಡಿಯವರೆಗೆ ಇಳಿದು ತೋರಿಸಬೇಕು. ಮೂರು ಬೇರೆ ಬೇರೆ ಐ.ಎಲ್.ಎಸ್.ಗಳಲ್ಲಿ ಒಂದೊಂದರಲ್ಲಿಯೂ ಐದಕ್ಕೆ ಕಡಿಮೆಯಿಲ್ಲದಂತೆ ಇಳಿಯಬೇಕು. ಅರ್ಧಕ್ಕಿಂತ ಹೆಚ್ಚನ್ನು ಒಂದೇ ಕಡೆ ಮಾಡಕೂಡದು. ನೂರಕ್ಕೆ ತೊಂಬತ್ತು ಸಫಲವಾಗಿರಬೇಕು. ಸಫಲವೆಂದರೆ ವೇಗವು ಗೊತ್ತುಮಾಡಿದ್ದಕ್ಕಿಂತ 5 ನಾಟ್‌ಗಳಿಗಿಂತ ಹೆಚ್ಚು ಅತ್ತಿತ್ತ ಆಗಿರಬಾರದು; ಇಳಿಜಾರಿನ ಮುಳ್ಳು ತನ್ನ ಪೂರ್ಣ ಓಲಾಟದ ಅರ್ಧವನ್ನು ಮೀರಿರಬಾರದು. ಲೇತಿನ ಮುಂದೆ ಗೇಜು ಹಿಡಿದು ಒಂದೊಂದು ಬಿಡಿಭಾಗವನ್ನೂ ‘ಹೋಯಿತು’, ‘ಹೋಗಲಿಲ್ಲ’ ಎಂದು ಬೇರ್ಪಡಿಸುವ ನಮ್ಮ ಹೆಗ್ಗನಹಳ್ಳಿಯ ಮಿತ್ರರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸಾರಿ ಸರಿಹೋದುದು ಅದೃಷ್ಟವಾಗಿರಬಹುದು. ಐವತ್ತರಲ್ಲಿ ನಲವತ್ತೈದು ಸಾರಿ ಸರಿಹೋದುದು ಯೋಗ್ಯತೆ.

ಚಾಲಕನ ಪರೀಕ್ಷೆಯೂ ಇದಕ್ಕೆ ಕಡಿಮೆಯಲ್ಲ. ಅದೇ ಕಟ್ಟಳೆಯಂತೆ ಅವನು ರಾತ್ರಿಯಲ್ಲಿ 50 ಗಂಟೆ, ಊರಿಂದೂರಿಗೆ 250 ಗಂಟೆ ಮುಖ್ಯಚಾಲಕನಾಗಿ ಹಾರಿರಬೇಕು. ಯಂತ್ರಗಳನ್ನೇ ನೋಡಿ 75 ಗಂಟೆಗಳ ಅಭ್ಯಾಸವಾಗಿರಬೇಕು. ಅನಂತರ ಪ್ರಶ್ನೋತ್ತರ ರೂಪದ ಪರೀಕ್ಷೆ, ಹಾರಾಟದ ಪರೀಕ್ಷೆ. ಗೆದ್ದರೂ ಒಮ್ಮೆಗೇ 100 ಅಡಿಯನ್ನು ಕೊಡರು. ಮೊದಲು 150 ಅಡಿಯ ಗಡಿಯನ್ನು ಕೊಟ್ಟು, ಆ ಗಡಿಯಲ್ಲಿ ಮೂರು ಸಾರಿ ಸರಿಯಾಗಿ ಇಳಿದ ಮೇಲೆ ಬಾಕಿಯನ್ನು ಬಿಟ್ಟುಕೊಡುವರು. ಅದೂ ಶಾಶ್ವತವಲ್ಲ, ಆರು ತಿಂಗಳಿಗೆ ಅನುಜ್ಞೆಯು ಮುಗಿಯುವುದು, ಪುನಃ ಯೋಗ್ಯತೆಯನ್ನು ತೋರಿಸಬೇಕು. ಸಂಗೀತಗಾರನ ಸಾಧಕದಂತೆ, ಬಿಟ್ಟರೆ ಬಿಟ್ಟುಹೋಗುವ ವಿದ್ಯೆಯಿದು. ನಮ್ಮ ದೇಶದಲ್ಲಿಯೂ ಎರಡನೆಯ, ಮೂರನೆಯ ತರಗತಿಗಳಿಗೆ ಮಹಾನಿರ್ದೇಶನಾಲಯದ ವಿಶೇಷವಾದ ಒಪ್ಪಿಗೆಯು ವಿಮಾನಕ್ಕೂ ಚಾಲಕನಿಗೂ ಬೇರೆ ಬೇರೆಯಾಗಿ ಬೇಕು.

ಸಣ್ಣ ವಿಮಾನಕ್ಕೆ ಒಂದು ಅನುಕೂಲವೂ ಉಂಟು. ಅದು ನಿಧಾನವಾಗಿ ಬರುವುದು. 90 ನಾಟ್ ವೇಗದಲ್ಲಿ ಇಳಿಯುವ ವಿಮಾನವು ಸೆಕೆಂಡಿಗೆ 46 ಮೀಟರು ಮುಂದೆ ಸಾಗುವುದು. ಆ ಇಳಿಜಾರಿನಲ್ಲಿ 200 ಅಡಿಯಿಂದ ನೆಲ ಮುಟ್ಟಲು ಸುಮಾರು 25 ಸೆಕೆಂಡು, 100 ಅಡಿಯಿಂದಾದರೆ ಅದರ ಅರ್ಧ. ದೊಡ್ಡ ವಿಮಾನಕ್ಕೆ ಅಷ್ಟು ಸಮಯವೂ ಇಲ್ಲ. ಆದರೆ ಅಲ್ಲಿ ಇಬ್ಬರು ಚಾಲಕರಿರುವರು. ಒಬ್ಬನು ಮುಳ್ಳುಗಳನ್ನು ನೋಡುತ್ತಿದ್ದರೆ ಇನ್ನೊಬ್ಬನು ಹೊರಗೆ ನೋಡುವನು. ಮೂರನೆಯ ತರಗತಿಯ ದಟ್ಟವಾದ ಮಂಜಿನಲ್ಲಿ ಒಂದು ಕೆಟ್ಟರೆ ಇನ್ನೊಂದು ನಡೆಸುವ ಆಟೋಪೈಲಟ್ಟುಗಳೇ ವಿಮಾನವನ್ನು ನೆಲಕ್ಕೆ ಮುಟ್ಟಿಸುವುವು. 50 ಮೀಟರು ಮಾತ್ರ ಕಾಣುವಾಗ ಆ ದೂರವನ್ನು ಸಣ್ಣ ವಿಮಾನವೂ ಒಂದು ಸೆಕೆಂಡಿನಲ್ಲಿ ದಾಟಿಬಿಡುವುದು. ಮನುಷ್ಯನು ಕಂಡು, ತಿಳಿದು, ಕೈಯಾಡಿಸುವುದಕ್ಕೆ ಅದು ಸಾಲದು. ಆದುದರಿಂದ ಒಂಟಿ ಚಾಲಕನ ಸಣ್ಣ ವಿಮಾನವು ಮೊದಲನೆಯ ತರಗತಿಯಲ್ಲಿಯೇ ನಿಲ್ಲುವುದು ಸಾಮಾನ್ಯ; ಎರಡನೆಯದಕ್ಕೆ ಹೋಗುವುದು ವಿರಳ; ಮೂರನೆಯದು ಅದರ ಹಾದಿಯಲ್ಲ. ಇದು ಮೊದಲ ಪ್ರಶ್ನೆಗೆ ಉತ್ತರವಾಯಿತು.

ತಾಯಿಯ ಪ್ರಶ್ನೆಗೆ ಉತ್ತರವು ಇದರೊಳಗೇ ಅಡಗಿದೆ. ಇಷ್ಟೆಲ್ಲ ಪರೀಕ್ಷೆಗಳು ಮಂಜಿನಲ್ಲಿ ಇಳಿಯುವುದನ್ನು ಕಲಿಸುವುದಕ್ಕಾಗಿ ಇರುವುವೆಂದು ಮೇಲುನೋಟಕ್ಕೆ ತೋರುವುದು. ಸೂಕ್ಷ್ಮವಾಗಿ ನೋಡಿದರೆ, ಅವುಗಳಲ್ಲಿ ಮುಕ್ಕಾಲು ಪಾಲು ಇಳಿಯದೆ ಮೇಲಕ್ಕೇರುವುದನ್ನು ಕಲಿಸುವುದಕ್ಕಾಗಿಯೇ ಇವೆ. ನಿರ್ಣಯದ ಎತ್ತರವೆಂಬುದರ ಅರ್ಥವೇ ಅದು. ಅಲ್ಲಿಯವರೆಗೆ ಬಂದವನಿಗೆ ಊರು ಸಮೀಪದಲ್ಲಿದೆ, ಮನೆಯವರು ಕಾದಿದ್ದಾರೆ, ಇನ್ನು ಹತ್ತು ಅಡಿ ಇಳಿದರೆ ಕಾಣಬಹುದೇನೋ ಎಂಬ ಆಸೆಯು ಹುಟ್ಟುವುದು. ಆ ಹತ್ತು ಅಡಿಯ ಆಸೆಯೇ ಮೃತ್ಯುವಿನ ಬಾಗಿಲು. ಶಿಕ್ಷಿತನಾದ ಚಾಲಕನು ಹೊರಡುವ ಮುಂಚೆಯೇ ಬೇರೊಂದು ನಿಲ್ದಾಣವನ್ನು ಗೊತ್ತುಮಾಡಿಕೊಂಡು, ಅಲ್ಲಿಗೆ ಹೋಗುವಷ್ಟು ಪೆಟ್ರೋಲನ್ನು ಮಿಗಿಸಿಕೊಂಡಿರುವನು. ಆದುದರಿಂದ ಗಡಿ ಮುಟ್ಟಿದಾಗ ಅವನು ಯೋಚಿಸುವುದಿಲ್ಲ. ನಿರ್ಣಯವು ಮನೆಯಲ್ಲಿಯೇ ಆಗಿಹೋಗಿರುವುದು. ಇಲಿನಾಯಿಯ ಆ ಇಪ್ಪತ್ತು ಮಂದಿಗೂ ಕೊನೆಗೆ ಕಲಿಸಿದ ವಿದ್ಯೆಯು ಒಂದೇ: ಮೋಡದೊಳಗೆ ಸಿಕ್ಕಿದೊಡನೆ ಯಂತ್ರಗಳನ್ನು ನಂಬಿ ನಿಧಾನವಾಗಿ ಅರ್ಧ ಸುತ್ತು ತಿರುಗಿ, ಬಂದ ದಾರಿಯಲ್ಲಿಯೇ ಹಿಂದಿರುಗುವುದು. ಕೆಲವೇ ಗಂಟೆಗಳ ಶಿಕ್ಷಣದ ತರುವಾಯ ಬಹುಮಟ್ಟಿಗೆ ಎಲ್ಲರೂ ಅದನ್ನು ಸಾಧಿಸಿದರು.

ಹಿರಿಯರು ಹುಡುಗನ ಉತ್ಸಾಹಕ್ಕೆ ಅಡ್ಡಬರಬೇಕಾಗಿಲ್ಲ. ಆದರೆ ಅವನು ಲೈಸೆನ್ಸನ್ನು ತಂದು ತೋರಿಸಿದ ದಿನ, ಎಷ್ಟು ಗಂಟೆ ಹಾರಿದೆಯೆಂದು ಕೇಳುವುದರೊಡನೆ, ಎಷ್ಟು ಸಾರಿ ಹಾರದೆ ನಿಂತೆ, ಎಷ್ಟು ಸಾರಿ ಅರ್ಧದಿಂದ ಹಿಂದಿರುಗಿದೆಯೆಂದೂ ಕೇಳಲಿ. ಹಿಂದಿರುಗಿ ಬಂದ ಮಗನನ್ನು ನೆರೆಹೊರೆಯವರು ಹಾಸ್ಯಮಾಡಿದರೆ ತಂದೆಯು ಅವನ ಪಕ್ಷವನ್ನು ವಹಿಸಲಿ. ಮದುವೆ, ಹಬ್ಬ, ಕಾರ್ಯಗಳಿಗೆ ‘ಇಷ್ಟು ಹೊತ್ತಿಗೆ ಬಂದೇ ಬಿಡು’ ಎಂದು ಮನೆಯವರು ಅವನನ್ನು ಅವಸರಪಡಿಸದಿರಲಿ. ಆ ಒಂದು ಮಾತು ನಿರ್ಣಯದ ಎತ್ತರದಲ್ಲಿ ಅವನ ಕಿವಿಯಲ್ಲಿ ಮೊಳಗಬಹುದು. ನಮ್ಮ ಬೆಂಗಳೂರಿನ ಮಂಜಿಗೆ ಆಯುಸ್ಸು ಹೆಚ್ಚಲ್ಲ. ಬಿಸಿಲೇರುತ್ತಲೇ ಅದು ತಾನಾಗಿ ಹರಿದುಹೋಗುವುದು. ಕಾಯಬಲ್ಲವನಿಗೆ ಆಕಾಶವು ಎಂದಿಗೂ ಮುಚ್ಚಿರುವುದಿಲ್ಲ.